ಕೂಡಿ ಕೂತು ನೂಲೋಣ

ನೀವು ದೀಪದ ಬತ್ತಿ ಹೊಸೆದಿದ್ದೀರಾ?

ಹೊಸೆದೇ ಇರುತ್ತೀರಿ. ಅಂಗೈ ಮೇಲೆ ಚೂರು ಹತ್ತಿ ಇಟ್ಟು, ಇನ್ನೊಂದು ಅಂಗೈಯಿಂದ ಉಜ್ಜಿದರೆ ಬತ್ತಿ ಆಯಿತು. ತೊಡೆಯ ಮೇಲೆ ತೆಂಗಿನ ನಾರು ಇಟ್ಟು ಹೊಸೆದರೆ ಹಗ್ಗ ಆಯಿತು. ಬಾಳೆನಾರು ಸೀಳಿ ಮಲ್ಲಿಗೆ ಕಟ್ಟಿದರೆ ಚೆಂಡು ಆಯಿತು. ತೆಂಗಿನ ಮಡಲು ಹೆಣೆದರೆ ತಟ್ಟಿ ಆಯಿತು. ಇದೆಲ್ಲ ನಮಗೆ ಬರುತ್ತದೆ. ಆದರೆ ಯಾರಾದರೂ ಬಂದು, "ನಿಮಗೆ ಏನು ಕೆಲಸ ಬರ್ತದೆ ಅಕ್ಕ?" ಅಂತ ಕೇಳಿದರೆ ನಾವು ಹೇಳುವುದು ಒಂದೇ ಮಾತು: "ನನಗೆ ಏನೂ ಬರುವುದಿಲ್ಲ."

ಅಕ್ಷರ ಕಲಿಯುವ ಮೊದಲೂ ನಾವು ಹೀಗೇ ಹೇಳುತ್ತಿದ್ದೆವು, ಅಲ್ಲವೇ? ಬಸ್ಸಿನ ಬಣ್ಣ ನೋಡಿ ಊರು ತಿಳಿಯುತ್ತಿದ್ದೆವು. ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದೆವು. ಆದರೂ "ನನಗೆ ಏನೂ ಗೊತ್ತಿಲ್ಲ" ಅನ್ನುತ್ತಿದ್ದೆವು.

ಕೈಗೆ ಗೊತ್ತಿರುವುದು ಬಾಯಿಗೆ ಬರಬೇಕು. ಬಾಯಿಗೆ ಬಂದದ್ದು ಪುಸ್ತಕಕ್ಕೆ ಇಳಿಯಬೇಕು. ಆಗ ಅದಕ್ಕೆ ಹೆಸರೂ ಇರುತ್ತದೆ, ಬೆಲೆಯೂ ಇರುತ್ತದೆ. ಒಬ್ಬೊಬ್ಬರೇ ಮನೆಯೊಳಗೆ ಕೂತರೆ ಇದು ಆಗುವ ಕೆಲಸ ಅಲ್ಲ. ಅದಕ್ಕೇ ಈ ಪಾಠದಲ್ಲಿ ನೂಲುವ ಕೂಟದ ಬಗ್ಗೆ ಮಾತಾಡೋಣ. ಹತ್ತು ಜನ ಸೇರಿ, ವಾರಕ್ಕೆ ಒಂದು ದಿನ, ನಾರಿನ ಕೆಲಸ ಮಾಡುವುದು. ಅಷ್ಟೇ.

ನಮ್ಮ ಊರಿನ ನಾರುಗಳು

ನೂಲು ಅಂದ ಕೂಡಲೇ ನಮಗೆ ಹತ್ತಿ ನೆನಪಾಗುತ್ತದೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹತ್ತಿಯ ಹೊಲ ಎಲ್ಲಿ ಉಂಟು? ನಮ್ಮದು ಜಡಿಮಳೆಯ ಊರು, ಮುರಕಲ್ಲಿನ ಮಣ್ಣು. ಹತ್ತಿಗೆ ಹೂ ಬಿಟ್ಟು ಕಾಯಿ ಒಡೆಯುವ ಹೊತ್ತಿನಲ್ಲಿ ಒಣ ಹವೆ ಬೇಕು. ಅದು ಘಟ್ಟದ ಮೇಲೆ, ಧಾರವಾಡ, ಹಾವೇರಿ, ರಾಯಚೂರು ಕಡೆಯ ಕಪ್ಪು ಮಣ್ಣಿನ ಬೆಳೆ. ಕುರಿಯ ಉಣ್ಣೆಯೂ ನಮ್ಮಲ್ಲಿ ಇಲ್ಲ. ಉಣ್ಣೆ ನೂತು ಕಂಬಳಿ ಮಾಡುವವರು ಚಳ್ಳಕೆರೆಯಂಥ ಬಯಲುಸೀಮೆಯ ಜನ.

ಹಾಗಾದರೆ ನಮ್ಮಲ್ಲಿ ಏನು ಉಂಟು? ಎಣಿಸಿ ನೋಡೋಣ.

ತೆಂಗಿನ ನಾರು, ಅಂದರೆ ಕತ್ತ. ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆ ಹಾಕಬೇಕು. ಆಮೇಲೆ ಬಡಿದು, ತೊಳೆದು, ಒಣಗಿಸಿದರೆ ನಾರು ಬಿಡುತ್ತದೆ. ಬಾವಿಯ ಹಗ್ಗ, ದನ ಕಟ್ಟುವ ಹಗ್ಗ, ಕಾಲೊರಸು ಎಲ್ಲ ಇದರದ್ದೇ.

ಬಾಳೆನಾರು. ಒಂದು ಬಾಳೆ ಒಂದೇ ಸಲ ಗೊನೆ ಹಾಕುತ್ತದೆ. ಗೊನೆ ಕಡಿದ ಮೇಲೆ ದಂಡನ್ನು ತೋಟದಲ್ಲೇ ಬಿಡುತ್ತೇವೆ. ಅದರ ಪಟ್ಟೆ ಬಿಡಿಸಿ, ಹಲಗೆಯ ಮೇಲೆ ಇಟ್ಟು, ಮೊಂಡು ಕತ್ತಿಯಿಂದ ಹೆರೆದರೆ ನೀರು, ತಿರುಳು ಹೋಗಿ ಹೊಳೆಯುವ ನಾರು ಉಳಿಯುತ್ತದೆ. ಅದನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು. ಉಡುಪಿ ಮಲ್ಲಿಗೆಯ ಒಂದು ಚೆಂಡಿಗೆ 800 ಮೊಗ್ಗು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಷ್ಟೂ ಮೊಗ್ಗನ್ನು ಹಿಡಿದು ನಿಲ್ಲಿಸುವುದು ತೆಳ್ಳಗಿನ ಬಾಳೆನಾರು.

ಬೈಹುಲ್ಲು. ಹಿಂದೆ ಅಕ್ಕಿಯನ್ನು ಗೋಣಿಯಲ್ಲಿ ಇಡುತ್ತಿರಲಿಲ್ಲ. ಬೈಹುಲ್ಲಿನ ಹಗ್ಗ ಹೊಸೆದು, ಬೈಹುಲ್ಲಿನಲ್ಲೇ ಮುಡಿ ಕಟ್ಟುತ್ತಿದ್ದರು. ಒಂದು ಮುಡಿಗೆ 42 ಸೇರು. ಇವತ್ತು ನಮ್ಮ ಊರಿನಲ್ಲಿ ಮುಡಿ ಕಟ್ಟಲು ಬರುವವರು ಎಷ್ಟು ಜನ ಉಳಿದಿದ್ದಾರೆ? ನೀವೇ ಎಣಿಸಿ.

ಮುಂಡೇವಿನ ಓಲೆ. ಅಂಚಿನ ಮುಳ್ಳು ತೆಗೆದು, ಒಣಗಿಸಿ, ಸೀಳಿ ಚಾಪೆ ಹೆಣೆಯುತ್ತಾರೆ. ಅಷ್ಟಮಿ, ಚೌತಿಗೆ ಮೂಡೆ ಕಟ್ಟುವುದೂ ಈ ಓಲೆಯಲ್ಲೇ.

ಬಿದಿರು. ಮೂಡುಬಿದಿರೆ ಎಂಬ ಹೆಸರಿನಲ್ಲೇ ಬಿದಿರು ಉಂಟು. ಅಡಿಕೆ ಹಾಳೆಯಿಂದ ಮುಟ್ಟಾಳೆ ಆಗುತ್ತದೆ. ಕಾಡಿನ ಬೂರು, ಅಂದರೆ ಬಳ್ಳಿ, ಬುಟ್ಟಿ ಆಗುತ್ತದೆ.

ಬೂರುಗದ ಮರದಲ್ಲೂ ಹತ್ತಿ ಆಗುತ್ತದಲ್ಲ, ಅದನ್ನು ನೂಲಬಹುದೇ ಅಂತ ಕೆಲವರು ಕೇಳುತ್ತಾರೆ. ಅದು ತಲೆದಿಂಬಿಗೆ ಒಳ್ಳೆಯದು, ನೂಲಿಗೆ ಆಗುವುದಿಲ್ಲ. ಅದರ ಎಳೆ ಗಿಡ್ಡ, ಬಹಳ ನುಣುಪು. ಒಂದರ ಮೇಲೊಂದು ಜಾರುತ್ತದೆ, ಹಿಡಿದುಕೊಳ್ಳುವುದಿಲ್ಲ.

ಜಾರುವುದು ಹಿಡಿಯುವುದು ಹೇಗೆ?

ಹಿಡಿದುಕೊಳ್ಳುವುದು ಅಂದರೆ ಏನು? ಒಂದು ಸಣ್ಣ ಪರೀಕ್ಷೆ ಮಾಡಿ.

ಒಂದು ಚಿಟಿಕೆ ಹತ್ತಿ ತೆಗೆದುಕೊಳ್ಳಿ. ಎರಡು ಕಡೆಯಿಂದ ಮೆಲ್ಲಗೆ ಎಳೆಯಿರಿ. ಏನಾಯಿತು? ಸುಲಭವಾಗಿ ಬಿಟ್ಟು ಬಂತು. ಈಗ ಇನ್ನೊಂದು ಚಿಟಿಕೆ ತೆಗೆದುಕೊಳ್ಳಿ. ಈ ಸಲ ಎಳೆಯುತ್ತಾ ತಿರುಚಿ. ಒಂದು ಗೇಣು ಉದ್ದ ಆಗುವ ತನಕ ತಿರುಚಿ. ಈಗ ಜಗ್ಗಿ ನೋಡಿ. ಬೇಗ ತುಂಡಾಗುವುದಿಲ್ಲ.

ಹತ್ತಿ ಅದೇ. ಬೆರಳೂ ಅದೇ. ಹೊಸದಾಗಿ ಸೇರಿದ್ದು ತಿರುಚು ಮಾತ್ರ. ತಿರುಚಿದಾಗ ಎಳೆಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಒತ್ತಿಕೊಂಡದ್ದು ಜಾರುವುದಿಲ್ಲ. ನೂಲಿನ ಗುಟ್ಟು ಇಷ್ಟೇ. ತಿರುಚು ಕಡಿಮೆ ಆದರೆ ನೂಲು ಜಾರಿ ಬಿಡುತ್ತದೆ. ಹೆಚ್ಚಾದರೆ ಗಂಟುಗಂಟಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಎಷ್ಟು ಬೇಕು ಅನ್ನುವುದು ಬೆರಳಿಗೆ ತಿಳಿಯಬೇಕು. ಅದು ಓದಿ ಬರುವುದಲ್ಲ, ಮಾಡಿಯೇ ಬರಬೇಕು.

ಹಗ್ಗಕ್ಕೆ ಇನ್ನೊಂದು ಗುಟ್ಟು ಉಂಟು. ಎರಡು ಎಳೆಗಳನ್ನು ಒಂದು ದಿಕ್ಕಿಗೆ ತಿರುಚಬೇಕು. ಆಮೇಲೆ ಆ ಎರಡನ್ನೂ ಸೇರಿಸಿ ಎದುರು ದಿಕ್ಕಿಗೆ ಹುರಿ ಮಾಡಬೇಕು. ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿ ಆಗುತ್ತದೆ. ಅದಕ್ಕೇ ಬಾವಿಯ ಹಗ್ಗ ತನ್ನಷ್ಟಕ್ಕೆ ಬಿಚ್ಚಿಹೋಗುವುದಿಲ್ಲ.

ನೂಲಲು ದೊಡ್ಡ ಯಂತ್ರ ಬೇಡ. ತಕಲಿ ಸಾಕು. ಒಂದು ಗೇಣು ಉದ್ದದ ಬಿದಿರಿನ ಕಡ್ಡಿಯನ್ನು ನುಣ್ಣಗೆ ಕೆತ್ತಿ. ತೆಂಗಿನ ಗೆರಟೆಯಿಂದ ಒಂದು ಸಣ್ಣ ಬಿಲ್ಲೆ ಕೊರೆದು, ನಡುವೆ ತೂತು ಮಾಡಿ, ಕಡ್ಡಿಯ ಕೆಳಗಡೆ ಸಿಕ್ಕಿಸಿ. ಮೇಲ್ತುದಿಯಲ್ಲಿ ನೂಲು ಸಿಕ್ಕಿಸಲು ಒಂದು ಕಚ್ಚು ಮಾಡಿ. ತಕಲಿ ತಯಾರು. ಬಿಲ್ಲೆಯ ಭಾರದಿಂದ ಅದು ಬುಗುರಿಯ ಹಾಗೆ ತಿರುಗುತ್ತದೆ. ತಿರುಗುವಾಗ ಹತ್ತಿಯ ಹಂಜಿಯಿಂದ ಎಳೆ ಬಿಡುತ್ತಾ ಹೋಗಬೇಕು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಗುಡ್ಡಗಾಡಿನ ಹೆಂಗಸರು ಕುರಿಯ ಹಿಂದೆ ನಡೆಯುತ್ತಲೇ ಇಂಥದೇ ಕಡ್ಡಿಯಲ್ಲಿ ಉಣ್ಣೆ ನೂಲುತ್ತಾರೆ. ಭಾಷೆ ಬೇರೆ, ಕಡ್ಡಿ ಒಂದೇ.

ಒಟ್ಟು ಕೂತು ನೂತವರು

ಒಟ್ಟಿಗೆ ಕೂತು ನೂಲುವುದು ಹೊಸ ಸಂಗತಿ ಏನಲ್ಲ.

1760ರ ದಶಕದಲ್ಲಿ ಅಮೆರಿಕವೂ ಬ್ರಿಟಿಷರ ಕೈಯಲ್ಲಿ ಇತ್ತು. ಬ್ರಿಟಿಷರ ಬಟ್ಟೆ ನಮಗೆ ಬೇಡ ಅಂತ ಅಲ್ಲಿಯ ಹೆಂಗಸರು ರಾಟೆ ಹೊತ್ತುಕೊಂಡು ಒಂದು ಕಡೆ ಸೇರಿ, ಇಡೀ ದಿನ ಕೂತು ನೂಲುತ್ತಿದ್ದರು. ನಮ್ಮ ದೇಶದಲ್ಲೂ ಹಾಗೆಯೇ ಆಯಿತು. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರು. ಅವರು ಅಧ್ಯಕ್ಷರಾದ ಅಧಿವೇಶನ ಅದೊಂದೇ. ಕಾಂಗ್ರೆಸ್ಸಿನ ಸದಸ್ಯರಾಗಲು ಹಣ ಅಲ್ಲ, ನೂಲು ಕೊಡಬೇಕು ಅಂತ ಅಲ್ಲಿ ತೀರ್ಮಾನ ಆಯಿತು. ತಿಂಗಳಿಗೆ 2000 ಗಜ ನೂಲು. ಹೆಚ್ಚುಕಡಿಮೆ ಎರಡು ಕಿಲೋಮೀಟರ್ ಉದ್ದ. ಮರುವರ್ಷ, 1925ರಲ್ಲಿ ಅಖಿಲ ಭಾರತ ಚರಕ ಸಂಘ ಹುಟ್ಟಿತು. ಗಾಂಧೀಜಿ ಮಂಗಳೂರಿಗೂ ಮೂರು ಸಲ ಬಂದಿದ್ದರು: 1920ರಲ್ಲಿ, 1927ರಲ್ಲಿ, 1934ರಲ್ಲಿ.

ನಮ್ಮ ಜಿಲ್ಲೆಯ ಒಬ್ಬ ಹೆಣ್ಣುಮಗಳ ಹೆಸರನ್ನು ಇಲ್ಲಿ ಹೇಳಲೇಬೇಕು. ಕಮಲಾದೇವಿ ಚಟ್ಟೋಪಾಧ್ಯಾಯ. ಹುಟ್ಟಿದ್ದು ಮಂಗಳೂರಿನಲ್ಲಿ, 1903ರಲ್ಲಿ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಹಿಂದೆ ಹೋಗಲಿಲ್ಲ. ಹಳ್ಳಿಹಳ್ಳಿ ಸುತ್ತಿ ನೇಕಾರರನ್ನು, ಕುಂಬಾರರನ್ನು, ಚಾಪೆ ಹೆಣೆಯುವವರನ್ನು ಹುಡುಕಿದರು. 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಗೆ ಅವರೇ ಅಧ್ಯಕ್ಷರು. ಕೈಕೆಲಸ ಮಾಡುವವರಿಗೆ ದೇಶದಲ್ಲಿ ಒಂದು ಸ್ಥಾನ ಸಿಕ್ಕಿದ್ದರೆ ಅದರಲ್ಲಿ ಅವರ ದುಡಿಮೆ ದೊಡ್ಡದು. 1988ರಲ್ಲಿ ತೀರಿಕೊಂಡರು.

ಇನ್ನೂ ಹತ್ತಿರದ ಮಾತು ಬೇಕೇ? ನಮ್ಮ ಹಿರಿಯರ ಮುಯ್ಯಾಳು ಪದ್ಧತಿ ನೆನಪು ಮಾಡಿಕೊಳ್ಳಿ. ಇವತ್ತು ನಿನ್ನ ಗದ್ದೆಯಲ್ಲಿ ನಾವು ನಟ್ಟಿ ಮಾಡುತ್ತೇವೆ, ನಾಳೆ ನಮ್ಮ ಗದ್ದೆಗೆ ನೀನು ಬಾ. ಇದನ್ನು ಯಾರೂ ನಮಗೆ ಕಲಿಸಬೇಕಾಗಿರಲಿಲ್ಲ. ಆಟಿ ತಿಂಗಳಲ್ಲಿ ಹೊರಗೆ ಜಡಿಮಳೆ, ಗದ್ದೆ ಕೆಲಸ ಇಲ್ಲ. ಆಗ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು, ಚಾಪೆ ಹೆಣೆಯುತ್ತಿದ್ದರು. ಬೀಡಿ ಕಟ್ಟುವ ನಾವೂ ಒಟ್ಟಿಗೆ ಕೂತೇ ಕಟ್ಟುತ್ತೇವೆ. ಒಬ್ಬಳೇ ಕೂತರೆ ಸಾವಿರ ಬೀಡಿ ಮುಗಿಯುವುದೇ ಇಲ್ಲ. ನಾಲ್ಕು ಜನ ಮಾತಾಡುತ್ತಾ ಕೂತರೆ ಕೈ ತನ್ನಷ್ಟಕ್ಕೆ ಓಡುತ್ತದೆ.

ಕೂಟದ ದಿನ

ಹಾಗಾದರೆ ಒಂದು ಕೂಟ ಹೇಗೆ ನಡೆಯುತ್ತದೆ? ಭಾನುವಾರ ಮಧ್ಯಾಹ್ನ ಅಂತ ಇಟ್ಟುಕೊಳ್ಳಿ. ಊಟ ಆಗಿದೆ. ಒಬ್ಬರ ಮನೆಯ ಜಗಲಿ, ಅಥವಾ ಅಂಗನವಾಡಿಯ ಅಂಗಳ. ಬೆಳಕು ಚೆನ್ನಾಗಿರಬೇಕು, ಗಾಳಿ ಆಡಬೇಕು. ನಾರಿನ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಂಡರೆ ಒಳ್ಳೆಯದು.

ಒಬ್ಬರು ಕತ್ತ ತಂದಿದ್ದಾರೆ. ಇಬ್ಬರು ಬಾಳೆನಾರು ತಂದಿದ್ದಾರೆ. ಘಟ್ಟದ ಮೇಲಿನಿಂದ ತರಿಸಿದ ಹತ್ತಿಯ ಹಂಜಿ ಒಂದು ಕಟ್ಟು ಇದೆ. ವಯಸ್ಸಾದ ಒಬ್ಬ ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಾರೆ. ಹೊಸದಾಗಿ ಕಲಿಯುವವಳ ನೂಲು ಪದೇಪದೇ ತುಂಡಾಗುತ್ತಿದೆ.

"ದೊಡ್ಡಮ್ಮ, ಪುನಃ ತುಂಡಾಯ್ತಲ್ಲ!"

"ಆಗ್ಲಿ ಮಾರಾಯ್ತಿ. ತುಂಡಾದ ಕಡೆ ಚೂರು ಹತ್ತಿ ಬಿಡಿಸಿ ಮೇಲಿಂದ ಇಟ್ಟು ತಿರುಚು. ಗಂಟು ಹಾಕ್ಬೇಡ. ಗಂಟು ಹಾಕಿದ್ರೆ ಮತ್ತೆ ಮಗ್ಗದಲ್ಲಿ ಸಿಕ್ಕಿಬೀಳ್ತದೆ."

"ನಿಮ್ಗೆ ಯಾರು ಕಲಿಸಿದ್ದು?"

"ಯಾರೂ ಕಲಿಸ್ಲಿಲ್ಲ. ನೋಡಿ ಕಲ್ತದ್ದು. ಈಗ ನೀನು ನೋಡ್ತಾ ಇದ್ದಿಯಲ್ಲ, ಹಾಗೆ."

ಈ ಮಾತನ್ನು ಗಮನಿಸಿ. "ನೋಡಿ ಕಲಿತದ್ದು." ನೋಡಬೇಕಾದರೆ ಯಾರಾದರೂ ಕಣ್ಣೆದುರು ಮಾಡಬೇಕು. ಮುಡಿ ಕಟ್ಟುವ ಅಜ್ಜ ಕಟ್ಟುವುದನ್ನು ಬಿಟ್ಟರೆ ಮೊಮ್ಮಗ ನೋಡುವುದು ಏನನ್ನು? ಬೀಜ ಬಿತ್ತದೆ ಇಟ್ಟರೆ ಬೀಜವೂ ಸಾಯುತ್ತದೆ. ಕೈಕೆಲಸವೂ ಹಾಗೆಯೇ. ಅಜ್ಜಿ ಹೋದ ದಿನ ಅಜ್ಜಿಯ ಬೆರಳಿನಲ್ಲಿ ಇದ್ದದ್ದೂ ಹೋಗುತ್ತದೆ.

ಅದಕ್ಕೇ ಕೂಟದಲ್ಲಿ ಒಂದು ನೋಟ್‌ಬುಕ್ ಇರಬೇಕು. ಅದರಲ್ಲಿ ನಾವೇ ಬರೆಯಬೇಕು. ಏನು ಬರೆಯುವುದು? ಮೊದಲಿಗೆ ಹೆಸರುಗಳು. ನಮ್ಮ ಕೂಟದಲ್ಲಿ ತುಳು ಮಾತಾಡುವವರು ಇರುತ್ತಾರೆ. ಬ್ಯಾರಿ, ಕೊಂಕಣಿ, ಕನ್ನಡದವರೂ ಇರುತ್ತಾರೆ. ಚಾಪೆಗೆ ತುಳುವಿನಲ್ಲಿ ಪಜೆ ಅನ್ನುತ್ತೇವೆ. ಗೆರಸೆಗೆ ತಡ್ಪೆ. ಅನ್ನ ಬಸಿಯುವ ಬುಟ್ಟಿಗೆ ಕುಡುಪು. ಮಳೆಗೆ ತಲೆಯ ಮೇಲಿಂದ ಹೊದೆಯುವ ಓಲೆಯ ಗೊರಬಿಗೆ ಕೊರಂಬು. ಉಳಿದ ಭಾಷೆಗಳಲ್ಲಿ ಏನನ್ನುತ್ತಾರೆ? ಕೇಳಿ, ಬರೆಯಿರಿ. ವಸ್ತು ಹೋದರೆ ಅದರ ಹೆಸರೂ ಹೋಗುತ್ತದೆ. ಇಂಥ ಹಳೆಯ ವಸ್ತುಗಳನ್ನು ಕಣ್ಣಾರೆ ನೋಡಬೇಕಾದರೆ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊಫೆಸರ್ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಕೂಟದವರು ಒಂದು ದಿನ ಹೋಗಿ ಬರಬಹುದು. ತುಳುವರ ಮನೆಯಲ್ಲಿ ಬಳಸುತ್ತಿದ್ದ ವಸ್ತುಗಳನ್ನು ಅಲ್ಲಿ ಕೂಡಿಟ್ಟಿದ್ದಾರೆ.

ಎರಡನೆಯದಾಗಿ ಕೆಲಸದ ರೀತಿ. ಸಿಪ್ಪೆ ಎಷ್ಟು ತಿಂಗಳು ಕೊಳೆ ಹಾಕಿದೆವು? ನಾರು ಯಾವ ಬಣ್ಣ ಬಂತು? ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದು ಸರಿಯಾಯಿತೇ? ಅಡಿಕೆ ಬೇಯಿಸಿದ ಚೊಗರಿನಲ್ಲಿ ನೂಲು ಅದ್ದಿದರೆ ಎಂಥ ಕೆಂಪು ಬಂತು? ಇದೆಲ್ಲ ಬರೆದಿಟ್ಟರೆ ಮುಂದಿನ ವರ್ಷ ಅದೇ ತಪ್ಪು ಮತ್ತೆ ಆಗುವುದಿಲ್ಲ.

ಒಂದೇ ಚಾಪೆ

ಬುಟ್ಟಿಯ ಮಾತು ಬಂದಾಗ ಕೊರಗ ಸಮುದಾಯದ ಮಾತು ಬರಲೇಬೇಕು. ಕಾಡಿನಿಂದ ಬೂರು ತಂದು, ಸೀಳಿ, ಹೆಣೆದು ಬುಟ್ಟಿ ಮಾಡುವ ಜಾಣತನ ಅವರದ್ದು. ತುಳುನಾಡಿನ ಎಲ್ಲ ಮನೆಗಳಲ್ಲೂ ಅವರು ಹೆಣೆದ ಬುಟ್ಟಿ ಇತ್ತು. ಆದರೆ ಬುಟ್ಟಿಯನ್ನು ಮನೆಯೊಳಗೆ ತೆಗೆದುಕೊಂಡ ನಾವು ಬುಟ್ಟಿ ಹೆಣೆದವರನ್ನು ಅಂಗಳದ ಹೊರಗೆ ನಿಲ್ಲಿಸಿದೆವು. ಅಜಲು ಎಂಬ ಪದ್ಧತಿಯ ಹೆಸರಿನಲ್ಲಿ ಅವರನ್ನು ಹೇಳಲಾಗದ ಹಾಗೆ ಅವಮಾನ ಮಾಡಿದೆವು. 2000ನೇ ವರ್ಷದಲ್ಲಿ ಕರ್ನಾಟಕ ಸರಕಾರ ಕಾನೂನು ಮಾಡಿ ಅಜಲು ಪದ್ಧತಿಯನ್ನು ನಿಷೇಧಿಸಿತು. ಅದನ್ನು ಮಾಡಿಸುವುದು ಈಗ ಶಿಕ್ಷೆಗೆ ಒಳಗಾಗುವ ಅಪರಾಧ.

ಕಾನೂನು ಬಂದ ಮಾತ್ರಕ್ಕೆ ಮನಸ್ಸು ಬದಲಾಗುತ್ತದೆಯೇ? ನೂಲುವ ಕೂಟದಲ್ಲಿ ಅದಕ್ಕೆ ಒಂದು ದಾರಿ ಉಂಟು. ಕಲಿಸುವವರು ಯಾರೋ ಅವರು ಗುರು. ಬೂರಿನ ಬುಟ್ಟಿ ಕಲಿಯಬೇಕಾದರೆ ಕೊರಗ ಅಕ್ಕನೇ ಗುರು. ಎಲ್ಲರೂ ಒಂದೇ ಚಾಪೆಯ ಮೇಲೆ ಕೂರಬೇಕು. ಎಲ್ಲರಿಗೂ ಒಂದೇ ಕೆಟ್ಲಿನ ಚಾ, ಒಂದೇ ನಮೂನೆಯ ಲೋಟ. ಕಲಿಸಿದ ಹೊತ್ತಿಗೆ ಸಂಬಳ ಕೊಡಬೇಕು. ಇದನ್ನು ಒಪ್ಪದ ಕೂಟಕ್ಕೆ ಕೂಟ ಅನ್ನುವ ಹೆಸರು ಬೇಡ.

ಕಾಡಿನಿಂದ ಬಳ್ಳಿ, ಬೆತ್ತ, ಬಿದಿರು ತರುವ ಹಕ್ಕಿನ ಬಗ್ಗೆಯೂ ತಿಳಿದಿರಬೇಕು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಕಾಡಿನಲ್ಲಿ ಬದುಕುವ ಪರಿಶಿಷ್ಟ ಪಂಗಡದವರಿಗೆ, ತಲೆಮಾರುಗಳಿಂದ ಕಾಡನ್ನು ನಂಬಿದ ಇತರರಿಗೆ, ಕಿರು ಅರಣ್ಯ ಉತ್ಪನ್ನದ ಮೇಲೆ ಹಕ್ಕು ಉಂಟು. ಅದಕ್ಕೆ ಗ್ರಾಮಮಟ್ಟದ ಅರಣ್ಯ ಹಕ್ಕು ಸಮಿತಿಗೆ ಅರ್ಜಿ ಕೊಡಬೇಕು. 2017ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿ ಆಯಿತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಕಾಯಿದೆ ಈಗ ಮರ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ

ಈಗ ಲೆಕ್ಕ. ಎರಡು ಬಗೆಯ ಲೆಕ್ಕ ನಮಗೆ ಬರಬೇಕು.

ಮೊದಲನೆಯದು ನೂಲಿನ ಲೆಕ್ಕ. ಒಂದು ಮೀಟರ್ ಸುತ್ತಳತೆಯ ಚೌಕಟ್ಟು ಮಾಡಿಕೊಳ್ಳಿ. ಅದರ ಮೇಲೆ ನೂಲು ಸುತ್ತಿ. 1000 ಸುತ್ತು ಆದರೆ 1000 ಮೀಟರ್. ಖಾದಿಯವರು ಇದಕ್ಕೆ ಒಂದು ಲಡಿ ಅನ್ನುತ್ತಾರೆ. ಒಂದು ಕಿಲೋ ನೂಲಿನಲ್ಲಿ ಎಷ್ಟು ಲಡಿ ಇದೆಯೋ ಅದೇ ನೂಲಿನ ನಂಬರು. ಒಂದು ಕಿಲೋದಲ್ಲಿ 20 ಲಡಿ ಇದ್ದರೆ 20 ನಂಬರು. ಆಗ ಒಂದು ಲಡಿಯ ತೂಕ ಎಷ್ಟು? 1000 ಗ್ರಾಂ ಅನ್ನು 20ರಿಂದ ಭಾಗಿಸಿ. 50 ಗ್ರಾಂ. 40 ನಂಬರಿನ ನೂಲಾದರೆ ಒಂದು ಲಡಿಗೆ 25 ಗ್ರಾಂ ಮಾತ್ರ. ಅಂದರೆ ನಂಬರು ಹೆಚ್ಚಾದಷ್ಟೂ ನೂಲು ಸಪೂರ. ಮಿಲ್ಲಿನ ನೂಲಿಗೆ ಹಳೆಯ ಇಂಗ್ಲಿಷ್ ಲೆಕ್ಕ ಉಂಟು. ಅದರಲ್ಲಿ ಒಂದು ಲಡಿಗೆ 840 ಗಜ. ಒಂದು ಪೌಂಡಿಗೆ ಎಷ್ಟು ಲಡಿ ಅಂತ ಎಣಿಸುತ್ತಾರೆ. ಆದುದರಿಂದ ನೂಲು ಕೊಳ್ಳುವಾಗಲೂ ಮಾರುವಾಗಲೂ, "ಇದು ಯಾವ ಲೆಕ್ಕದ ನಂಬರು?" ಅಂತ ಕೇಳಬೇಕು. ಕೇಳಲು ನಾಚಿಕೆ ಬೇಡ.

ಎರಡನೆಯದು ದುಡ್ಡಿನ ಲೆಕ್ಕ. ಒಂದು ಉದಾಹರಣೆ ನೋಡೋಣ. ಇದು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಊರಿನ ದರ ಬೇರೆ ಇರಬಹುದು.

ಒಬ್ಬರು ಒಂದು ಕತ್ತದ ಕಾಲೊರಸು ಮಾಡಿದರು.
ನಾರಿಗೆ 70 ರೂಪಾಯಿ.
ಬಣ್ಣ ಮತ್ತು ದಾರಕ್ಕೆ 20 ರೂಪಾಯಿ.
ಸಂತೆಗೆ ಹೋದ ಖರ್ಚಿನಲ್ಲಿ ಇದರ ಪಾಲು 10 ರೂಪಾಯಿ.
ಒಟ್ಟು ಖರ್ಚು 100 ರೂಪಾಯಿ.
ಮಾರಿದ್ದು 250 ರೂಪಾಯಿಗೆ.
ಉಳಿದದ್ದು 150 ರೂಪಾಯಿ.

"ಓ, 150 ರೂಪಾಯಿ ಲಾಭ!" ಅಂತ ಅನ್ನಿಸುತ್ತದೆ. ನಿಲ್ಲಿ. ಅದನ್ನು ಮಾಡಲು ಎಷ್ಟು ಹೊತ್ತು ಹಿಡಿಯಿತು? 10 ಗಂಟೆ. 150 ಅನ್ನು 10ರಿಂದ ಭಾಗಿಸಿದರೆ ಗಂಟೆಗೆ 15 ರೂಪಾಯಿ. ದಿನಕ್ಕೆ 8 ಗಂಟೆ ದುಡಿದರೆ 120 ರೂಪಾಯಿ. ಅಡಿಕೆ ತೋಟದ ಕೂಲಿಗಿಂತ ಇದು ಎಷ್ಟೋ ಕಡಿಮೆ. ಅದು ಲಾಭ ಅಲ್ಲ. ನಮ್ಮ ಕೂಲಿಯೇ ನಮಗೆ ಪೂರ್ತಿ ಸಿಗಲಿಲ್ಲ.

ನಮ್ಮ ಹೊತ್ತನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. "ಮನೆಯಲ್ಲಿ ಸುಮ್ಮನೆ ಕೂತು ಮಾಡಿದ್ದಲ್ಲವಾ?" ಅಂತ ಕೊಳ್ಳುವವರೂ ಹೇಳುತ್ತಾರೆ, ನಾವೂ ಹೌದು ಅನ್ನುತ್ತೇವೆ. ಯಾರೂ ಸುಮ್ಮನೆ ಕೂತಿರಲಿಲ್ಲ. ಬೆರಳು ದುಡಿಯುತ್ತಿತ್ತು, ಬೆನ್ನು ನೋಯುತ್ತಿತ್ತು.

ಹಾಗಾದರೆ ಈ ಕೆಲಸ ಬಿಟ್ಟೇಬಿಡಬೇಕೇ? ಅದನ್ನು ಕೂಟದಲ್ಲಿ ಕೂತು ಯೋಚಿಸಬೇಕು. ಹತ್ತು ಜನ ಒಟ್ಟಿಗೆ ನಾರು ಕೊಂಡರೆ ಕಡಿಮೆಗೆ ಸಿಗಬಹುದು. ಸಂತೆಗೆ ಒಬ್ಬರೇ ಎಲ್ಲರ ಸಾಮಾನು ಒಯ್ದರೆ ಖರ್ಚು ಉಳಿಯುತ್ತದೆ. ಕೈ ಪಳಗಿದರೆ 10 ಗಂಟೆಯ ಕೆಲಸ 6 ಗಂಟೆಗೆ ಇಳಿಯಬಹುದು. ಹತ್ತೂ ಜನ ಒಂದೇ ಬೆಲೆ ಹೇಳಿದರೆ, "ಆಚೆಮನೆಯವರು ಕಡಿಮೆಗೆ ಕೊಡ್ತಾರೆ" ಅಂತ ಯಾರೂ ಚೌಕಾಸಿ ಮಾಡಲು ಆಗುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಕೂಲಿ ಹುಟ್ಟದಿದ್ದರೆ ಅದನ್ನು ಮಾರುವುದಕ್ಕೆ ಮಾಡುವುದು ಬೇಡ. ಮನೆಯ ಬಳಕೆಗೆ ಮಾಡೋಣ, ಮಕ್ಕಳಿಗೆ ಕಲಿಸೋಣ. ತರಬೇತಿ ಪಡೆದ ಕೂಡಲೇ ಕೈತುಂಬ ದುಡ್ಡು ಅಂತ ಯಾರಾದರೂ ಹೇಳಿದರೆ ಮೊದಲು ಈ ಲೆಕ್ಕವನ್ನು ಹಾಕಿ ನೋಡಿ.

ಕಿನ್ನಿಗೋಳಿಯಲ್ಲಿ ನಡೆದದ್ದು

ಬೆಲೆ ಸಿಗದಿದ್ದರೆ ಏನಾಗುತ್ತದೆ, ಸಿಕ್ಕಿದರೆ ಏನಾಗುತ್ತದೆ? ಎರಡನ್ನೂ ನಾವು ಹತ್ತಿರದಲ್ಲೇ ನೋಡಬಹುದು. ಮೂಡುಬಿದಿರೆಯಿಂದ ಬಹಳ ದೂರ ಇಲ್ಲ, ಕಿನ್ನಿಗೋಳಿ. ಅಲ್ಲಿ ತಾಳಿಪಾಡಿ ನೇಕಾರರ ಸೇವಾ ಸಹಕಾರಿ ಸಂಘ ಉಂಟು.

ಅಲ್ಲಿ ನೇಯುವುದು ಉಡುಪಿ ಸೀರೆ. ಹತ್ತಿಯ ಸೀರೆ, ಹಗುರ. ನಮ್ಮ ಸೆಕೆಗೆ ಹೇಳಿ ಮಾಡಿಸಿದ್ದು. ನೂಲು ಮಿಲ್ಲಿನದು, ನೇಯ್ಗೆ ಪೂರ್ತಿ ಕೈಮಗ್ಗದ್ದು. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಹಾಸಿನ ನೂಲಿಗೆ ಗಂಜಿ ಹಾಕಿ ಬಿಗಿ ಮಾಡಬೇಕು. ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿ ಲಾಳಿಯಲ್ಲಿ ಇಡಬೇಕು. ನೇಯುವವರು ಒಬ್ಬರಾದರೆ ನೂಲು ತಯಾರು ಮಾಡಲು ಮನೆಮಂದಿ ಎಲ್ಲ ಬೇಕು.

ಹಿಂದೆ ನಮ್ಮ ಕರಾವಳಿಯಲ್ಲಿ ಶೆಟ್ಟಿಗಾರ್ ಸಮುದಾಯದ ಎಷ್ಟೋ ಮನೆಗಳಲ್ಲಿ ಮಗ್ಗದ ಸದ್ದು ಇತ್ತು. ಆಮೇಲೆ ವಿದ್ಯುತ್ ಮಗ್ಗದ ಅಗ್ಗದ ಸೀರೆ ಬಂತು. ಕೈಮಗ್ಗದ ಕೂಲಿ ಏರಲಿಲ್ಲ. ಮಕ್ಕಳು ಬೇರೆ ಕೆಲಸಕ್ಕೆ ಹೋದರು. 2016ರಲ್ಲಿ ಉಡುಪಿ ಸೀರೆಗೆ ಜಿಐ ಮಾನ್ಯತೆ ಸಿಕ್ಕಿತು. ಅಂದರೆ ಈ ಸೀಮೆಯಲ್ಲಿ ಆ ರೀತಿಯಲ್ಲಿ ನೇಯ್ದದ್ದಕ್ಕೆ ಮಾತ್ರ ಉಡುಪಿ ಸೀರೆ ಅನ್ನುವ ಹೆಸರು. ಆದರೆ ಹೆಸರು ಸಿಕ್ಕಿದಾಗ ನೇಯುವವರೇ ಕಡಿಮೆ. ತಾಳಿಪಾಡಿ ಸಂಘದಲ್ಲಿ ಉಳಿದಿದ್ದವರು ಬೆರಳೆಣಿಕೆಯ ಜನ, ಹೆಚ್ಚಿನವರು ವಯಸ್ಸಾದವರು.

2018ರಿಂದ ಕಾರ್ಕಳದ ಕದಿಕೆ ಟ್ರಸ್ಟ್ ಇವರ ಜೊತೆ ಕೆಲಸ ಶುರು ಮಾಡಿತು. ಮಮತಾ ರೈ, ಬಿ.ಸಿ. ಶೆಟ್ಟಿ ಎಂಬ ದಂಪತಿ ಇದನ್ನು ನಡೆಸುತ್ತಾರೆ. ಕದಿಕೆ ಅಂದರೆ ತುಳುವಿನಲ್ಲಿ ನೇಕಾರರ ಕೇರಿ. ಅವರು ಮಾಡಿದ್ದು ಏನು? ಸೀರೆಯ ಹಿಂದೆ ಎಷ್ಟು ದುಡಿಮೆ ಇದೆ ಅಂತ ಕೊಳ್ಳುವವರಿಗೆ ತಿಳಿಸಿದರು. ಅಡಿಕೆ ಚೊಗರಿನಂಥ ಗಿಡಮರದ ಬಣ್ಣ ತಂದರು. ಹೊಸಬರಿಗೆ ತರಬೇತಿ ಕೊಡಿಸಿದರು. ಸೀರೆಗೆ ಬೇಡಿಕೆ ಬಂತು, ಕೂಲಿ ಏರಿತು. ಮಗ್ಗ ಬಿಟ್ಟು ಹೋದ ಕೆಲವರು ತಿರುಗಿ ಬಂದರು. ಯುವತಿಯರೂ ಮಗ್ಗದ ಮುಂದೆ ಕೂತರು.

ಇದರಿಂದ ತಿಳಿಯುವುದು ಏನು? ಹಳೆಯದು ಅಂತ ಯಾವುದೂ ತಾನಾಗಿ ಉಳಿಯುವುದಿಲ್ಲ. ದುಡಿದವರ ಹೊಟ್ಟೆ ತುಂಬಿದರೆ ಉಳಿಯುತ್ತದೆ. ಇನ್ನೊಂದು ಮಾತು. ಸಂಘ ಅಂತ ಒಂದು ಇತ್ತು, ಕೆಲವರಾದರೂ ಅದರಲ್ಲಿ ಕೂತಿದ್ದರು. ಅದಕ್ಕೇ ಸಹಾಯ ಬಂದಾಗ ಬರಲು ಒಂದು ಬಾಗಿಲು ಇತ್ತು. ಎಲ್ಲರೂ ಮಗ್ಗ ಮಾರಿ ಚದುರಿ ಹೋಗಿದ್ದರೆ ಯಾರ ಬಾಗಿಲು ತಟ್ಟುವುದು?

ಯಾರನ್ನು ಕೇಳುವುದು?

ಹೊಸದಾಗಿ ಸಂಘ ಕಟ್ಟಬೇಕು ಅಂತ ಇಲ್ಲ. ನಮ್ಮ ಊರುಗಳಲ್ಲಿ ಸ್ವಸಹಾಯ ಗುಂಪು ಇಲ್ಲದ ಗ್ರಾಮವೇ ಇಲ್ಲ ಅನ್ನಬಹುದು. ವಾರದ ಸಭೆಯಲ್ಲಿ ಉಳಿತಾಯದ ಹಣ ಕಟ್ಟಿದ ಮೇಲೆ ಒಂದು ಗಂಟೆ ನಾರಿನ ಕೆಲಸಕ್ಕೆ ಇಡಬಹುದು.

ತರಬೇತಿ ಬೇಕಾದರೆ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಉಂಟು. 1982ರಲ್ಲಿ ಶುರುವಾದದ್ದು. ಸ್ವಂತ ಉದ್ಯೋಗಕ್ಕೆ ಉಚಿತ ತರಬೇತಿ ಕೊಡುತ್ತಾರೆ. ಈಗ ಯಾವ ಯಾವ ತರಬೇತಿ ಇದೆ ಅಂತ ಮೊದಲು ವಿಚಾರಿಸಿ ಹೋಗಿ.

2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರದ ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ಅದರ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ, ಪೊರಕೆ ಮಾಡುವವರೂ ತೆಂಗಿನ ನಾರಿನ ಕೆಲಸದವರೂ ಸೇರಿದ್ದಾರೆ. ತರಬೇತಿ, ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಸಾಲ ಅಂತ ಯೋಜನೆಯಲ್ಲಿ ಹೇಳಿದೆ. ಗ್ರಾಮ ಪಂಚಾಯತಿನಲ್ಲಿ ವಿಚಾರಿಸಿ. ಅರ್ಜಿಯನ್ನು ನೀವೇ ಓದಿ. ಓದದೆ ಸಹಿ ಹಾಕಬೇಡಿ. ಸಾಲ ಅಂದರೆ ಸಾಲವೇ, ತೀರಿಸಬೇಕು. ಹೆಬ್ಬೆಟ್ಟು ಒತ್ತುವ ಕಾಲ ನಮಗೆ ಮುಗಿಯಿತು.

ಶುರು ಮಾಡುವುದು ಹೇಗೆ?

ಬರುವ ಭಾನುವಾರ ನಾಲ್ಕು ಮನೆಗೆ ಹೋಗಿ ಬನ್ನಿ. "ನಿಮಗೆ ಏನು ಬರ್ತದೆ?" ಅಂತ ಕೇಳಬೇಡಿ. "ಏನೂ ಬರುವುದಿಲ್ಲ" ಅನ್ನುತ್ತಾರೆ. "ನಿಮ್ಮ ಮನೆಯ ಹಗ್ಗ ಯಾರು ಹೊಸೆದದ್ದು? ಆ ತಡ್ಪೆ ಯಾರು ಹೆಣೆದದ್ದು?" ಅಂತ ಕೇಳಿ. ಆಗ ಹೆಸರು ಹೊರಗೆ ಬರುತ್ತದೆ. ಆ ಹೆಸರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಅಲ್ಲಿಂದ ಕೂಟ ಶುರು.

ಮಾತಾಡೋಣ, ಬರೆಯೋಣ

1. ನಿಮ್ಮ ಊರಿನಲ್ಲಿ ಸಿಗುವ ನಾರುಗಳ ಹೆಸರು ಬರೆಯಿರಿ. ಒಂದೊಂದರಿಂದ ಏನು ಮಾಡುತ್ತಾರೆ?

2. ಮುಡಿ ಕಟ್ಟುವವರು, ಬುಟ್ಟಿ ಹೆಣೆಯುವವರು, ಹಗ್ಗ ಹೊಸೆಯುವವರು ನಿಮ್ಮ ಗ್ರಾಮದಲ್ಲಿ ಎಷ್ಟು ಜನ ಇದ್ದಾರೆ? ಅವರಿಂದ ಕಲಿತವರು ಯಾರಾದರೂ ಇದ್ದಾರೆಯೇ?

3. ಒಂದು ಕಿಲೋ ನೂಲಿನಲ್ಲಿ 25 ಲಡಿ ಇದೆ. ಒಂದು ಲಡಿಯ ತೂಕ ಎಷ್ಟು ಗ್ರಾಂ?

4. ನೀವು ಮಾಡಿದ ಒಂದು ವಸ್ತುವನ್ನು ತೆಗೆದುಕೊಳ್ಳಿ. ಖರ್ಚು, ಹೊತ್ತು, ಮಾರಿದ ಬೆಲೆ ಬರೆಯಿರಿ. ನಿಮಗೆ ಗಂಟೆಗೆ ಎಷ್ಟು ಸಿಕ್ಕಿತು? ಅದು ಸಾಕೇ? ಗುಂಪಿನಲ್ಲಿ ಚರ್ಚಿಸಿ.